ಸ್ಕೈ ಫೋರ್ಸ್ (ಚಲನಚಿತ್ರ)

ಸ್ಕೈ ಫೋರ್ಸ್ ೨೦೨೫ರ ಜನವರಿ ೨೪ರಂದು ತೆರೆಕಂಡ ಹಿಂದಿ ಯುದ್ಧ ಚಲನಚಿತ್ರ. ಸಂದೀಪ್ ಕೇವ್ಲಾನಿ ಮತ್ತು ಅಭಿಷೇಕ್ ಅನಿಲ್ ಕಪೂರ್ ಇದರ ನಿರ್ದೇಶಕರು. ಅಕ್ಷಯ್ ಕುಮಾರ್, ಸಾರಾ ಅಲಿ ಖಾನ್, ನಿಮ್ರತ್ ಕೌರ್, ಶರದ್ ಕೇಳ್ಕರ್ ಅಭಿನಯಿಸಿದ್ದು, ವೀರ್ ಪಹಾರಿಯಾ ಅವರಿಗೆ ಇದು ಮೊದಲ ಚಿತ್ರ. ೧೯೬೫ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಮಡಿದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಜೀವನವೇ ಕಥೆಗೆ ಆಧಾರ. ಆದರೆ ಚಿತ್ರದಲ್ಲಿ ದೇವಯ್ಯ ಎಂಬ ಹೆಸರಿನ ಪಾತ್ರವಿಲ್ಲ.

ನೈಜ ಘಟನೆ

೧೯೩೨ರಲ್ಲಿ ಜನಿಸಿದ ದೇವಯ್ಯನವರು ೧೯೫೪ರಲ್ಲಿ ವಾಯುಪಡೆಯ ಅಧಿಕಾರಿಯಾದರು. ವಿಮಾನ ಚಾಲನೆಯ ಶಿಕ್ಷಕರಾಗಿದ್ದ ಅವರನ್ನು ಯುದ್ಧಕಾಲದಲ್ಲಿ 'ಟೈಗರ್ಸ್' ಎಂದು ಹೆಸರಾದ ಒಂದನೇ ಸ್ಕ್ವಾಡ್ರನ್‌ಗೆ ನಿಯೋಜಿಸಲಾಯಿತು. ಸೆಪ್ಟೆಂಬರ್ ೭ರಂದು ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ಈ ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ಮೀಸಲು ಚಾಲಕರಾಗಿದ್ದ ದೇವಯ್ಯನವರೂ ಅದರಲ್ಲಿ ಸೇರಿಕೊಂಡರು, ಆದರೆ ಹಿಂದಿರುಗಲಿಲ್ಲ. ಅವರನ್ನು ಮೊದಲು ಕಾಣೆಯಾದವರೆಂದು ದಾಖಲಿಸಲಾಯಿತು.

ನಡೆದದ್ದೇನೆಂಬುದು ಬೆಳಕಿಗೆ ಬಂದದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ೧೯೭೯ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಎಫ್-೧೦೪ ಸ್ಟಾರ್‌ಫೈಟರ್ ವಿಮಾನವು ಒಂದು ಮಿಸ್ಟೇರ್ ಅನ್ನು ಅಡ್ಡಗಟ್ಟಿತು. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದವೇಗವನ್ನೂ ಮುಟ್ಟದು. ಹೀಗಿದ್ದರೂ ಪೆಟ್ಟು ತಿಂದ ಮಿಸ್ಟೇರ್ ತಿರುಗಿಬಿದ್ದು ಸ್ಟಾರ್‌ಫೈಟರ್ ಅನ್ನು ಉರುಳಿಸಿತು. ಹುಸೇನ್ ಧುಮುಕುಕೊಡೆಯ ನೆರವಿನಿಂದ ಪಾರಾದರು. ಆ ಮಿಸ್ಟೇರ್ ದೇವಯ್ಯನವರದೇ ಎಂಬುದು ದೃಢಪಟ್ಟು, ೧೯೮೮ರಲ್ಲಿ, ಎಂದರೆ ೨೩ ವರ್ಷಗಳ ಬಳಿಕ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು.

ಕಥಾವಸ್ತು

ಚಿತ್ರದಲ್ಲಿ ದೇವಯ್ಯನವರ ಸ್ಥಾನದಲ್ಲಿ ಟಿ. ಕೃಷ್ಣ ವಿಜಯ (ವೀರ್ ಪಹಾರಿಯಾ) ಎಂಬ ಪಾತ್ರವೂ, ತನೇಜಾ ಅವರ ಸ್ಥಾನದಲ್ಲಿ ಅಹುಜಾ (ಅಕ್ಷಯ್ ಕುಮಾರ್) ಎಂಬ ಪಾತ್ರವೂ ಇವೆ. ಕಾಣೆಯಾದ ತನ್ನ ಕಿರಿಯ ಸಹೋದ್ಯೋಗಿಗೆ ಏನಾಯಿತೆಂದು ಅಹುಜಾ ವರ್ಷಗಟ್ಟಲೆ ಹುಡುಕುವುದೇ ಉತ್ತರಾರ್ಧದ ಕಥೆ.

ವಿಮರ್ಶೆ

ಚಿತ್ರಕ್ಕೆ ಮಿಶ್ರ ಪ್ರತಿಕ್ರಿಯೆ ದೊರೆಯಿತು. ಸತ್ಯಶೋಧನೆಯ ಭಾಗವು ಮೆಚ್ಚುಗೆ ಗಳಿಸಿದರೂ, ಪೂರ್ವಾರ್ಧದ ಹಾಡು-ಸಂಭಾಷಣೆಗಳು ಇಂತಹ ಚಿತ್ರಗಳ ಹಳೆಯ ಅಚ್ಚಿನಲ್ಲೇ ಇವೆಯೆಂಬ ಟೀಕೆ ಕೇಳಿಬಂದಿತು. ಮೂಲ ಘಟನೆಯೊಡನೆ ಹೋಲಿಸಿದಾಗ ಇನ್ನೊಂದು ಕೊರತೆಯೂ ಎದ್ದು ಕಾಣುತ್ತದೆ. ದಾಳಿಯ ವೇಳೆಗೆ ದೇವಯ್ಯನವರು ೩೨ ವರ್ಷದ, ಇತರರಿಗೆ ಹಾರಾಟ ಕಲಿಸಿದ್ದ ಅನುಭವಿ; ತೆರೆಯ ಮೇಲಿನ ವಿಜಯನಾದರೋ ಆವೇಶಕ್ಕೇ ಹೆಸರಾದ ತರುಣ. ದುರ್ಬಲ ವಿಮಾನದಿಂದ ಬಲಶಾಲಿ ವಿಮಾನವನ್ನು ಕೆಡವಲು ಬೇಕಾದ ಚಾಲನಾಕೌಶಲವು ಇದರಿಂದ ಬರಿಯ ಕೆಚ್ಚಾಗಿ ತೋರುತ್ತದೆ.

ಹೆಸರಿನ ಬದಲಾವಣೆಯು ಕೊಡವರಲ್ಲಿ ಅಸಮಾಧಾನವನ್ನು ಉಂಟುಮಾಡಿತು. ಕೊಡವರಲ್ಲಿ ಒಕ್ಕದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. 'ಅಜ್ಜಮಾಡ' ಎಂದೊಡನೆ ಕೇಳಿದವರಿಗೆ ಮನೆತನದ ಗುರುತು ಸಿಗುತ್ತದೆ. 'ಕೃಷ್ಣ ವಿಜಯ' ಎಂಬ ಹೆಸರಿನಲ್ಲಿ ಆ ಗುರುತಿಗೆ ಎಡೆಯಿಲ್ಲ.