ರಿಮ್ಮಿನ ಒಳ ಅಗಲವೂ ಟೈರಿನ ಆಯ್ಕೆಯೂ

ಸವೆದ ಟೈರನ್ನು ತೆಗೆದು ಹೊಸದನ್ನು ಹಾಕಿಸುವಾಗ ಇನ್ನೂ ಸ್ವಲ್ಪ ಅಗಲವಾದುದನ್ನೇ ಹಾಕಿಸೋಣವೆಂಬ ಆಸೆ ಸೈಕಲ್ ಸವಾರರಿಗೆ ಸಹಜವಾದುದು. ಗುಂಡಿ ಬಿದ್ದ ರಸ್ತೆಯಲ್ಲಿ ಅಗಲ ಟೈರು ಹಿತವೆಂಬುದೇನೋ ನಿಜ. ಆದರೆ ಎಷ್ಟು ಅಗಲ? ಇದನ್ನು ನಿರ್ಣಯಿಸತಕ್ಕದ್ದು ರಿಮ್ಮು.

ಮೊದಲು ವ್ಯಾಸದ ಮಾತು. ನಮ್ಮ ದೇಶದ ದೊಡ್ಡ ಕರಿಯ ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದು ಬರೆದಿರುತ್ತದೆ. ಈ 28 ಅಂಗುಲವು ಗಾಳಿ ತುಂಬಿದ ಟೈರಿನ ಹೊರವ್ಯಾಸ, ಅದೂ ಸುಮಾರಾಗಿ. ಜೊತೆಗೆ 40-635 ಎಂಬ ಗುರುತಿದ್ದರೆ ಅದನ್ನೇ ನಂಬಬೇಕು: ಟೈರಿನ ಅಗಲ 40 ಮಿ.ಮೀ.; ಅದರ ಅಂಚು ರಿಮ್ಮಿನಲ್ಲಿ ಕೂರುವ ಸ್ಥಳದ ವ್ಯಾಸ 635 ಮಿ.ಮೀ. 622 ಮಿ.ಮೀ. ವ್ಯಾಸದವನ್ನೂ 28 ಎಂದೇ ಕರೆಯುವುದುಂಟು. ವ್ಯಾಸದಲ್ಲಿ 13 ಮಿ.ಮೀ. ಅಂತರವೆಂದರೆ ಸುತ್ತಳತೆಯಲ್ಲಿ ಸುಮಾರು 41 ಮಿ.ಮೀ.; ಒಂದು ಇನ್ನೊಂದಕ್ಕೆ ಹೊಂದಲಾರದು.

ಇನ್ನು ಅಗಲ. ಟೈರು, ಟ್ಯೂಬುಗಳನ್ನು ಬಿಚ್ಚಿ, ವರ್ನಿಯರ್ ಕ್ಯಾಲಿಪರ್ಸಿನ ಮೇಲುಗಡೆಯ ಚಿಕ್ಕ ದವಡೆಗಳಿಂದ ರಿಮ್ಮಿನ ಎರಡು ಗೋಡೆಗಳ ನಡುವಣ ಅಂತರವನ್ನು ಅಳೆಯೋಣ. ಗೋಡೆಯ ತುದಿ ಒಳಕ್ಕೆ ಬಾಗಿದ್ದರೆ ಆ ಬಾಗುಗಳ ನಡುವೆಯೇ ಅಳೆಯಬೇಕು. ಹೊರ ಅಗಲದಿಂದ ಇಲ್ಲಿ ಪ್ರಯೋಜನವಿಲ್ಲ. ಪೆಟ್ಟು ತಿಂದ ರಿಮ್ಮು ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯುವುದು ಲೇಸು.

ಒಳ ಅಗಲಕ್ಕೇ ಇಷ್ಟು ಮಹತ್ವವೇಕೆ? ಟೈರಿನ ರಬ್ಬರಿನೊಳಗಿರುವ ನೂಲಿನ ಹಾಸು ಹೆಚ್ಚು ಹಿಗ್ಗುವುದಿಲ್ಲ. ಗಾಳಿಯ ಒತ್ತಡಕ್ಕೆ ಅದು ವೃತ್ತದ ಕಂಸದಂತೆ ಉಬ್ಬುತ್ತದೆ. ರಿಮ್ಮಿನ ಒಳ ಅಗಲವೇ ಆ ಕಂಸದ ಜ್ಯಾ. ಕಂಸದ ಉದ್ದ ಬದಲಾಗದೆ ಜ್ಯಾ ಹಿಗ್ಗಿದರೆ ವೃತ್ತ ದೊಡ್ಡದಾಗಲೇಬೇಕು. 19 ಮಿ.ಮೀ. ರಿಮ್ಮಿನ ಮೇಲೆ 37 ಮಿ.ಮೀ. ಇರುವ ಟೈರು 25 ಮಿ.ಮೀ. ರಿಮ್ಮಿನ ಮೇಲೆ ಸುಮಾರು 39.3 ಮಿ.ಮೀ. ಆಗುತ್ತದೆ. ತ್ರಿಕೋಣಮಿತಿ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಕಿರಿದಾದ ರಿಮ್ಮಿಗೆ ತೀರ ಅಗಲ ಟೈರು ತೊಡಿಸಿದರೆ ಅದು ಕತ್ತು ಸಣ್ಣಗಿರುವ ಗಡಿಗೆಯಾಗುತ್ತದೆ. ಗಾಳಿ ಕಡಮೆಯಿದ್ದು ಇಳಿಜಾರಿನ ತಿರುವಿನಲ್ಲಿ ವೇಗವಾಗಿ ಬಂದರೆ ಪಕ್ಕಕ್ಕೆ ವಾಲಿ, ರಿಮ್ಮಿನಿಂದ ಕಳಚಿಕೊಳ್ಳಲೂಬಹುದು. ಮುಂಗಾಲಿಯಲ್ಲಿ ಹೀಗಾದರೆ ಸವಾರನ ಗತಿಯನ್ನು ವಿವರಿಸಬೇಕಾಗಿಲ್ಲ. ಅಗಲ ರಿಮ್ಮಿಗೆ ಸಣ್ಣ ಟೈರಾದರೆ ಕಲ್ಲಿನ ಪೆಟ್ಟಿಗೆ ರಿಮ್ಮು ನಗ್ಗಿ, ಟ್ಯೂಬು ಹಿಸುಕಿ ಹರಿಯುತ್ತದೆ.

ಟೈರಿನ ಅಗಲವು ರಿಮ್ಮಿನ ಒಳ ಅಗಲದ ಒಂದೂವರೆಯಿಂದ ಎರಡೂಕಾಲು ಪಟ್ಟಿನೊಳಗಿದ್ದರೆ ಚಿಂತೆಯಿಲ್ಲ; 19 ಮಿ.ಮೀ. ರಿಮ್ಮಿಗೆ ಸುಮಾರು 28ರಿಂದ 42 ಮಿ.ಮೀ. ತಯಾರಕರ ಕೋಷ್ಟಕಗಳು ಇದಕ್ಕಿಂತ ಉದಾರವಾಗಿರುವುದುಂಟು. ಕೊಳ್ಳುವ ಮುನ್ನ ಫೋರ್ಕು, ಮಡ್‌ಗಾರ್ಡುಗಳ ನಡುವಣ ಜಾಗವನ್ನೂ ಅಳೆದುಕೊಂಡಿರಬೇಕು. ಮಳೆಗಾಲದ ಕೆಸರಿಗೂ ಅಲ್ಲಿ ಸ್ಥಳ ಬೇಕಷ್ಟೆ.