ಹಾಡು ಬರೆದವರ ಹೆಸರಿಗೆ ಜಾಗ ಎಲ್ಲಿ? ಸಂಗೀತ ಪತ್ರಿಕೆಗಳ ವೆಬ್‌ಸೈಟ್ ವಿನ್ಯಾಸದ ಕಥೆ

ವಿಡಿಯೋ ನೋಡೋಕೆ ಪುರುಸೊತ್ತು ಸಿಗದವರಿಗಾಗಿ ಇವತ್ತಿನ ಮಾತಿನ ಬರಹರೂಪ ಇಲ್ಲಿದೆ.

ಹೋದ ರಾಜ್ಯೋತ್ಸವಕ್ಕೆ ಅಚ್ಯುತಾಪುರಂನಲ್ಲಿರುವ ನಾವೊಂದಷ್ಟು ಕನ್ನಡಿಗರು ಒಬ್ಬರ ಮನೆ ತಾರಸಿ ಮೇಲೆ ಸೇರಿ ಹಾಡಿದ್ವಿ. ಅದೇ ಉತ್ಸಾಹದಲ್ಲಿ, ಕನ್ನಡ ಹಾಡುಗಳ ಬಗ್ಗೆ ಬರೆಯೋಕೆ ಒಂದು ಪುಟ್ಟ ಸೈಟ್ ಮಾಡೋಣ ಅಂತಾಯ್ತು. ಕೆಲಸ ನನ್ನ ತಲೆಗೆ ಬಂತು. ಸಂಗೀತ ಪತ್ರಿಕೆಗಳಿಗೆಂದೇ ಮಾಡಿದ ರೆಡಿಮೇಡ್ ಥೀಮ್ ಒಂದನ್ನು ತಗೊಂಡು ಎರಡೇ ದಿನದಲ್ಲಿ ಮುಗಿಸಿದೆ. ಮೊದಲ ಬರಹ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಗ್ಗೆ. ಗುಂಪಿನ ಹಿರಿಯರೊಬ್ಬರು ಅದನ್ನು ಫೋನಲ್ಲಿ ನೋಡಿ ಕೇಳಿದ್ದು ಒಂದೇ ಮಾತು: "ಏನಪ್ಪಾ, 'ಸೋರುತಿಹುದು ಮನೆಯ ಮಾಳಿಗಿ' ಇದೆ, ಶರೀಫಜ್ಜನ ಹೆಸರೇ ಇಲ್ಲವಲ್ಲ?"

ನನಗೆ ಶರೀಫರು ಮರೆತಿರಲಿಲ್ಲ. ಥೀಮಿನಲ್ಲಿ ಅವರ ಹೆಸರು ಹಾಕೋಕೆ ಜಾಗವೇ ಇರಲಿಲ್ಲ. ಯಾಕಿರಲಿಲ್ಲ ಅನ್ನೋದೇ ಇವತ್ತಿನ ವಿಷಯ.

ಯಾವುದಾದರೂ ಸ್ವತಂತ್ರ ಸಂಗೀತ ಪತ್ರಿಕೆಯ ಸೈಟ್ ತೆಗೆದು ನೋಡಿ. ಮೇಲೆ ಚೌಕಾಕಾರದ ಆಲ್ಬಂ ಚಿತ್ರ. ಪಕ್ಕದಲ್ಲಿ ಕಲಾವಿದ, ಆಲ್ಬಂ, ಕಂಪನಿ, ವರ್ಷ. ಕೆಲವು ಕಡೆ ದಪ್ಪಕ್ಷರದಲ್ಲಿ ಅಂಕ. ಕೆಳಗೆ ವಿಮರ್ಶಕರ ಹೆಸರು, ಬರಹ, ನಡುವೆ ಹಾಡು ಕೇಳೋಕೆ ಪ್ಲೇಯರ್. ಈ ಅಚ್ಚನ್ನು ಜನಪ್ರಿಯ ಮಾಡಿದ್ದರಲ್ಲಿ 1990ರ ದಶಕದ ನಡುವೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ರಯಾನ್ ಶ್ರೈಬರ್ ಶುರು ಮಾಡಿದ ಪಿಚ್‌ಫೋರ್ಕ್ ಪಾಲು ದೊಡ್ಡದು. 0.0ರಿಂದ 10.0ರವರೆಗಿನ ಅದರ ಅಂಕಗಳು ಪ್ರಸಿದ್ಧ. ಆದರೆ 2008ರಲ್ಲಿ ಶುರುವಾದ ಬ್ರಿಟನ್ನಿನ ದ ಕ್ವಯಟಸ್ ಅಂಕ ಕೊಡೋದೇ ಇಲ್ಲ. ಅಂದರೆ ಇದೆಲ್ಲ ರೂಢಿ ಅಷ್ಟೇ, ಕಡ್ಡಾಯ ಏನಲ್ಲ.

ರೂಢಿಗೂ ಕಾರಣ ಇರುತ್ತೆ. ಚಿತ್ರ ಚೌಕ ಯಾಕೆ? ಎಲ್‌ಪಿ ರೆಕಾರ್ಡಿನ ಹೊದಿಕೆ 12 ಇಂಚಿನ ಚೌಕ, ಅದಕ್ಕೆ. ಹೆಸರುಗಳ ಸಾಲಿನಲ್ಲಿ 'ಕಲಾವಿದ' ಒಂದೇ ಯಾಕೆ? ರಾಕ್ ಬ್ಯಾಂಡುಗಳು ಬಹುಪಾಲು ತಮ್ಮ ಹಾಡು ತಾವೇ ಬರೆದು, ತಾವೇ ಹಾಡುತ್ತವೆ. ಅವರಿಗೆ ಅಷ್ಟು ಸಾಕು.

ನಮ್ಮ ಕಥೆ ಬೇರೆ. ಭಾವಗೀತೆ ಮನೆಮನೆಗೆ ಬಂದಿದ್ದು ಕ್ಯಾಸೆಟ್ಟಿನಲ್ಲಿ. 1978ರ 'ನಿತ್ಯೋತ್ಸವ'ವನ್ನೇ ತಗೊಳ್ಳಿ: ಕವಿ ನಿಸಾರ್ ಅಹಮದ್, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಇಲ್ಲಿ 'ಕಲಾವಿದ' ಅಂತ ಯಾರನ್ನು ಬರೆಯೋದು? ಕಚೇರಿಗೆ ಬಂದರೆ ಇನ್ನೂ ಕಷ್ಟ. ಪಿಟೀಲು ವಿದ್ವಾನ್ ದ್ವಾರಂ ವೆಂಕಟಸ್ವಾಮಿ ನಾಯುಡು 1893ರಲ್ಲಿ ಬೆಂಗಳೂರಲ್ಲಿ ಹುಟ್ಟಿ, ಇಲ್ಲೇ ವಿಶಾಖಪಟ್ಟಣದಲ್ಲಿ ಬೆಳೆದು, ವಿಜಯನಗರಂ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದವರು. ಅಂಥವರು ಪಕ್ಕವಾದ್ಯಕ್ಕೆ ಕೂತ ಕಚೇರಿಯನ್ನು ಈ ಥೀಮಿಗೆ ಹಾಕಿದರೆ ಗಾಯಕರ ಹೆಸರೊಂದೇ ಉಳಿಯುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಡೇಟಾ ಮಾಡೆಲ್ ತಪ್ಪು. ಪರಿಹಾರವೂ ಹಳೆಯದೇ. ಮ್ಯೂಸಿಕ್‌ಬ್ರೇನ್ಜ್ ಎಂಬ ಮುಕ್ತ ಕೋಶದಲ್ಲಿ 'ಕೃತಿ' ಬೇರೆ, 'ಧ್ವನಿಮುದ್ರಣ' ಬೇರೆ. ಕೃತಿಗೆ ರಾಗ, ತಾಳವನ್ನೂ ಸೇರಿಸಬಹುದು. ಶರೀಫರ (1819–1889) ಪದ ಒಂದು ಕೃತಿ. ಸಿ. ಅಶ್ವತ್ಥ್ ಹಾಡಿದ್ದು ಒಂದು ಮುದ್ರಣ, ರಘು ದೀಕ್ಷಿತ್ ಹಾಡಿದ್ದು ಇನ್ನೊಂದು. ನಾನೂ ಟೇಬಲ್ ಎರಡು ಮಾಡಿದೆ. ಈಗ ಪ್ರತಿ ಪುಟದಲ್ಲೂ ಮೊದಲ ಸಾಲು 'ಸಾಹಿತ್ಯ', ಆಮೇಲೆ 'ರಾಗ ಸಂಯೋಜನೆ', 'ಗಾಯನ', 'ಪಕ್ಕವಾದ್ಯ'. ಸಾಹಿತ್ಯದ ಜಾಗ ಖಾಲಿ ಬಿಟ್ಟರೆ ಬರಹ ಪ್ರಕಟವೇ ಆಗಲ್ಲ.

ಇನ್ನು ಲಿಪಿ. ಇಂಗ್ಲಿಷ್ ಥೀಮುಗಳು ತಲೆಬರಹವನ್ನು ದೊಡ್ಡಕ್ಷರ ಮಾಡುತ್ತವೆ. ಕನ್ನಡಕ್ಕೆ ದೊಡ್ಡಕ್ಷರ, ಚಿಕ್ಕಕ್ಷರ ಅನ್ನೋ ಭೇದವೇ ಇಲ್ಲ. ಹಾಗಾಗಿ ಗಾತ್ರ, ದಪ್ಪದಿಂದಲೇ ವ್ಯತ್ಯಾಸ ತೋರಿಸಬೇಕು. ಆಲ್ಬಂ ಹೆಸರನ್ನು ಓರೆ ಅಕ್ಷರದಲ್ಲಿ ಹಾಕುತ್ತಾರೆ. ಕನ್ನಡ ಅಕ್ಷರವನ್ನು ಬ್ರೌಸರ್ ಬಲವಂತವಾಗಿ ಬಗ್ಗಿಸಿದರೆ ಚೆನ್ನಾಗಿ ಕಾಣಲ್ಲ, ಉದ್ಧರಣ ಚಿಹ್ನೆ ಸಾಕು. ಎಲ್ಲಕ್ಕಿಂತ ಮುಖ್ಯ ಸಾಲುಗಳ ನಡುವಿನ ಅಂತರ. ಇಂಗ್ಲಿಷ್ ತಲೆಬರಹಕ್ಕೆ 1.2 ಸಾಕಾಗಬಹುದು. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತೆ, ಗುಣಿತದ ಚಿಹ್ನೆ ಮೇಲೇರುತ್ತೆ, ಎರಡೂ ತಾಗುತ್ತವೆ. ಬರಹದ ಭಾಗಕ್ಕೆ ನಾನು 1.7 ಇಟ್ಟಿದ್ದೀನಿ. ಫಾಂಟ್ ಬೇಕಿದ್ದರೆ ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತ.

ಥೀಮ್ ಅಂದರೆ ಬರೀ ಬಣ್ಣ, ಅಂದ ಅಂದ್ಕೊಂಡಿದ್ದೆ. ಯಾರನ್ನು ನೆನೆಯಬೇಕು, ಯಾರನ್ನು ಬಿಡಬಹುದು ಅಂತ ಅದು ಮೊದಲೇ ತೀರ್ಮಾನ ಮಾಡಿರುತ್ತೆ. ಊರಿಂದ ದೂರ ಇರುವ ನಮ್ಮ ಮಕ್ಕಳು ಈ ಹಾಡು ಕಲಿಯೋದು ಪರದೆ ನೋಡಿಯೇ. ಪರದೆಯಲ್ಲಿ ಇಲ್ಲದ ಹೆಸರು ಅವರಿಗೆ ಗೊತ್ತಾಗೋದು ಹೇಗೆ?

ಸೈಟ್ ಸರಿಪಡಿಸಿ ಆ ಹಿರಿಯರಿಗೆ ಮತ್ತೆ ಲಿಂಕ್ ಕಳಿಸಿದೆ. "ಈಗ ಸರಿ ಹೋಯ್ತು. ಇನ್ನು ಬೇಂದ್ರೆಯವರದ್ದು ಯಾವಾಗ?" ಅಂತ ಉತ್ತರ ಬಂತು. ಬರೀತಾ ಇದ್ದೀನಿ. ಮುಂದಿನ ವಿಡಿಯೋದಲ್ಲಿ ಸಿಗೋಣ.