ತುಕ್ಕಿಗೂ ಒಂದು ಕೆಲಸ

ತುಕ್ಕು ಎಂದರೆ ಯಾರಿಗೂ ಬೇಡದ ನೆಂಟ. ಗೇಟು, ಮೊಳೆ, ಬಕೆಟ್ಟಿನ ಹಿಡಿ, ಎಲ್ಲವನ್ನೂ ತಿಂದು ಹಾಕುತ್ತದೆ. ರಸಾಯನಶಾಸ್ತ್ರದಲ್ಲಿ ಮಾತ್ರ ಅದಕ್ಕೆ ಮರ್ಯಾದೆಯಿದೆ. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿಗೆ ಕ್ರಿಯಾವರ್ಧಕ ಎನ್ನುತ್ತಾರಲ್ಲ, ತುಕ್ಕು, ಅಂದರೆ ಕಬ್ಬಿಣದ ಆಕ್ಸೈಡ್, ಅಂಥದ್ದೊಂದು. ಈ ರಜೆಯಲ್ಲಿ ನಾನೂ ಮೊಮ್ಮಗಳೂ ಅದನ್ನು ಹಂಚಿನ ಚೂರುಗಳ ಮೇಲೆ ಕೂರಿಸಿದೆವು.

ಹಳೇ ಕಬ್ಬಿಣದ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಹಾಕಿದೆವು. ಸತುವಿನ ಲೇಪವಿರುವ ಮೊಳೆ, ಸ್ಟೇನ್‌ಲೆಸ್ ಸ್ಟೀಲು ಆಗದು. ಅನಿಲ ಏಳುವುದರಿಂದ ಬಾಟಲಿಗೆ ಮುಚ್ಚಳ ಬಿಗಿಯಬಾರದು, ಬಟ್ಟೆ ಕಟ್ಟಿದರೆ ಸಾಕು. ಆ ಕಂದು ನೀರಿನಲ್ಲಿ ಕಡಲೆ ಗಾತ್ರದ ಹಂಚಿನ ಚೂರುಗಳು ರಾತ್ರಿಯಿಡೀ ನೆನೆದು, ಬಿಸಿಲಿನಲ್ಲಿ ಒಣಗಿದವು. ಆಮೇಲೆ ಅಂಗಳದಲ್ಲಿ ಕೆಂಡದ ಮೇಲೆ, ಅಡುಗೆಗೆ ಬೇಡವಾದ ಕಾವಲಿಯಲ್ಲಿ ಅರ್ಧ ಗಂಟೆ ಹುರಿದೆ. ಹೊಗೆ ಮೂಗಿಗೆ ಚುಚ್ಚುತ್ತದೆ. ಇದು ದೊಡ್ಡವರೇ ಮಾಡಬೇಕಾದ ಕೆಲಸ. ಆರಿದ ಮೇಲೆ ನೀರು ತಿಳಿಯಾಗುವವರೆಗೆ ತೊಳೆದೆವು.

ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಶೇ 3ಕ್ಕೆ ತೆಳುಮಾಡಿ ಎರಡು ಲೋಟಗಳಿಗೆ ಹಾಕಿದೆ. ಇಬ್ಬರೂ ಕನ್ನಡಕ ಹಾಕಿಕೊಂಡೆವು. ಒಂದಕ್ಕೆ ಬರೀ ಹಂಚು, ಇನ್ನೊಂದಕ್ಕೆ ನಮ್ಮ ಚೂರು.

"ಅಜ್ಜೀ, ಬರೀ ಹಂಚೂ ಗುಳ್ಳೆ ಬಿಡ್ತಿದೆ! ಹಾಗಾದ್ರೆ ನಿನ್ನ ತುಕ್ಕು ಮಾಡಿದ್ದೇನು?"

ಒಳ್ಳೆಯ ಪ್ರಶ್ನೆ. ಹಂಚಿನ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ಆದರೆ ಅದು ಹೆಚ್ಚಾಗಿ ಸುಟ್ಟ ಮಣ್ಣಿನೊಳಗೆ ಹುದುಗಿರುತ್ತದೆ. ಕ್ರಿಯೆ ನಡೆಯುವುದು ದ್ರವ ತಾಗುವ ಮೇಲ್ಮೈಯಲ್ಲಿ ಮಾತ್ರ. ನಾವು ಕೂರಿಸಿದ ಆಕ್ಸೈಡು ಹಂಚಿನ ಸಣ್ಣ ಸಣ್ಣ ರಂಧ್ರಗಳ ಗೋಡೆಗೂ ತೆಳುವಾಗಿ ಹರಡಿಕೊಂಡಿದೆ. ನಂಬದಿದ್ದರೆ ಗಡಿಯಾರ ನೋಡಿಕೊಂಡು ಎಣಿಸು ಎಂದೆ. ಬರೀ ಹಂಚಿನ ಗುಳ್ಳೆಗಳು ಎಣಿಕೆಗೆ ಸಿಕ್ಕವು. ಇನ್ನೊಂದು ಲೋಟದಲ್ಲಿ ಅವಳ ಲೆಕ್ಕವೇ ತಪ್ಪಿತು.

ಗುಳ್ಳೆಯಲ್ಲಿರುವುದು ಆಮ್ಲಜನಕ. ಉರಿಯುವ ಊದುಬತ್ತಿಯ ತುದಿಯನ್ನು ಲೋಟದೊಳಗೆ ಹಿಡಿದರೆ ಕಿಡಿ ಕೆಂಪೇರುತ್ತದೆ. ಶೇ 3ರ ದ್ರಾವಣ ಪೂರ್ತಿ ಒಡೆದರೆ ತನ್ನ ಗಾತ್ರದ ಸುಮಾರು 10 ಪಟ್ಟು ಆಮ್ಲಜನಕ ಕೊಟ್ಟು ನೀರಾಗಿ ಉಳಿಯುತ್ತದೆ. ಆದ್ದರಿಂದ ಇದನ್ನು ಎಂದೂ ಮುಚ್ಚಿದ ಬಾಟಲಿಯಲ್ಲಿ ಮಾಡಬೇಡಿ.

ಗಂಧಕಾಮ್ಲದ ಕಾರ್ಖಾನೆಗಳಲ್ಲಿ ವನೇಡಿಯಂ ಆಕ್ಸೈಡನ್ನು ಹೀಗೆಯೇ ಸಿಲಿಕಾದ ಮೇಲೆ ಹರಡಿರುತ್ತಾರೆ. ಅಲ್ಲಿ ಹಂಚಿನ ಜಾಗದಲ್ಲಿ ಸಿಲಿಕಾ, ಅಷ್ಟೆ.

ನಮ್ಮ ಚೂರುಗಳನ್ನು ತೊಳೆದು ಮೂರು ಸಲ ಬಳಸಿದ್ದಾಯಿತು, ಇನ್ನೂ ಗುಳ್ಳೆ ಬಿಡುತ್ತಿವೆ. ಮೊಮ್ಮಗಳು ಈಗ ಒಡೆದ ಮಡಕೆಯ ಚೂರುಗಳನ್ನು ನೆನೆಹಾಕಿದ್ದಾಳೆ.